ತಲ್ಲೂರಿನ ಗದ್ದೆಬದಿ ಕ್ಯಾಮೆರಾ ಹಿಡಿದು ನಿಂತಾಗ

ಶನಿವಾರ ಮಧ್ಯಾಹ್ನ ಮಂಗಳೂರು ಬಿಟ್ಟರೆ ಕತ್ತಲಾಗುವುದರೊಳಗೆ ಭಟ್ಕಳ. ಸೋಮವಾರ ನಸುಕಿಗೆ ಮತ್ತೆ ಮಂಗಳೂರು. ನಮ್ಮ ಗುಂಪಿನಲ್ಲಿ ಒಬ್ಬರ ಕೆಲಸ ಆ ಊರಲ್ಲಿ, ಮನೆ ಈ ಊರಲ್ಲಿ. ಕಾರಿನಲ್ಲಿ ಜಾಗ ಇದ್ದರೆ ಉಳಿದವರೂ ಹತ್ತಿಕೊಳ್ಳುತ್ತೇವೆ. ದಾರಿಯುದ್ದಕ್ಕೂ ಫೋಟೊ ತೆಗೆಯುವುದು ಮೊದಮೊದಲು ಹೊತ್ತು ಹೋಗಲು ಶುರುವಾದದ್ದು. ಆಮೇಲೆ ಅಭ್ಯಾಸವಾಯಿತು.

ಕುಂದಾಪುರ ದಾಟಿ ತಲ್ಲೂರು ಬಂತೆಂದರೆ ಕಾರು ನಿಧಾನವಾಗುತ್ತದೆ. ಒಂದು ಬದಿ ಗದ್ದೆ, ಅದರಾಚೆ ತೆಂಗಿನ ಸಾಲು, ಮೋಡ ಇಲ್ಲದ ದಿನ ಪೂರ್ವದಲ್ಲಿ ಕೊಡಚಾದ್ರಿ. ಒಮ್ಮೆ ಹಾಗೆ ನಿಂತು ಕ್ಲಿಕ್ಕಿಸುತ್ತಿದ್ದಾಗ ಗದ್ದೆ ಅಂಚಿನಿಂದ ಹುಲ್ಲಿನ ಹೊರೆ ಹೊತ್ತ ಅಮ್ಮ ಒಬ್ಬರು ಕೂಗಿದರು.

"ಹ್ವಾಯ್, ಎಂತಕ್ ಫೋಟೊ ತೆಗೂದ್? ಇನ್ನೂ ಜಾಗ ಹೋತ್ತಾ?"

"ಇಲ್ಲೆ ಅಮ್ಮ, ಸುಮ್ನೆ, ಚಂದ ಕಾಣತ್ತಲ್ಲ" ಅಂದೆವು.

ಅವರು ನಂಬಲಿಲ್ಲ. ನಾವು ಕಾರು ಹತ್ತಿ ಹೋಗುವವರೆಗೂ ಹೊರೆ ಇಳಿಸದೆ ಅಲ್ಲೇ ನಿಂತಿದ್ದರು.

ಆ ದಿನ ನಮಗೆ ಸ್ವಲ್ಪ ಬೇಜಾರಾದದ್ದು ನಿಜ. ಆದರೆ ಹಿಂದಿನದನ್ನು ಓದುತ್ತಾ ಹೋದ ಹಾಗೆ ಅಮ್ಮನ ಅನುಮಾನಕ್ಕೆ ಇನ್ನೂರು ವರ್ಷಕ್ಕೂ ಮೇಲ್ಪಟ್ಟ ಆಧಾರ ಇದೆ ಅನ್ನಿಸಿತು.

1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಕೆನರಾ ಸೀಮೆ ಕಂಪನಿ ಸರಕಾರದ ಕೈಗೆ ಬಂತು. ಮೊದಲ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಅವನು ಇಲ್ಲಿದ್ದದ್ದು ಒಂದೂವರೆ ವರ್ಷವೂ ಇಲ್ಲ. ಅಷ್ಟರಲ್ಲೇ ಹಳೆಯ ಲೆಕ್ಕಗಳನ್ನೆಲ್ಲ ತೆಗೆಸಿ ಭೂಕಂದಾಯ ನಿಗದಿ ಮಾಡಿದ. ಅವನ ಬೆನ್ನಿಗೇ 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದ. ವೈದ್ಯ, ಗಿಡಮರ ಬಲ್ಲವನು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿ ಕಂಡದ್ದನ್ನೆಲ್ಲ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳ ಪುಸ್ತಕವಾಯಿತು. ಮಂಗಳೂರಿನ ಕಡೆಯಿಂದ ಕುಂದಾಪುರ, ಬೈಂದೂರಿನ ಮೇಲೆ ಭಟ್ಕಳಕ್ಕೆ ಅವನು ಹೋದ ದಾರಿ ಹೆಚ್ಚುಕಡಿಮೆ ನಮ್ಮ ಶನಿವಾರದ ದಾರಿಯೇ. ನಮಗೆ ಕೆಲವು ಗಂಟೆ ಸಾಕು, ಅವನಿಗೆ ದಿನಗಳು ಬೇಕಾದವು.

ಅವನ ಬಳಿ ಕ್ಯಾಮೆರಾ ಇರಲಿಲ್ಲ. ಫೋಟೊಗ್ರಫಿ ಹುಟ್ಟಲು ಇನ್ನೂ ಸುಮಾರು ನಲವತ್ತು ವರ್ಷ ಬೇಕಿತ್ತು. ಆದರೆ ನಮ್ಮ ಮೊಬೈಲಿಗಿಂತ ಚೆನ್ನಾಗಿ ಅವನು ಗದ್ದೆ ನೋಡಿದ್ದ. ಬೈಲು, ಮಜಲು, ಬೆಟ್ಟು ಎಂದು ಕರಾವಳಿಯ ನೆಲವನ್ನು ಜನ ಹೇಗೆ ವಿಂಗಡಿಸುತ್ತಾರೆ ಎಂಬುದನ್ನು ಬರೆದುಕೊಂಡಿದ್ದ. ತಗ್ಗಿನ ಬೈಲಿನಲ್ಲಿ ನೀರು ನಿಲ್ಲುತ್ತದೆ, ಕಾರ್ತಿ, ಸುಗ್ಗಿ, ಕೆಲವೆಡೆ ಕೊಳಕೆಯೂ ಸೇರಿ ಮೂರು ಬೆಳೆ. ಮಜಲಿಗೆ ಎರಡು. ಮೇಲಿನ ಬೆಟ್ಟು ಗದ್ದೆಗೆ ಮಳೆ ನಂಬಿ ಒಂದೇ. ಯಾವ ನೆಲ ಎಷ್ಟು ಕೊಡುತ್ತದೆ ಎಂದು ತಿಳಿದರೆ ಎಷ್ಟು ಕೇಳಬಹುದು ಎಂಬುದೂ ತಿಳಿಯುತ್ತದೆ. ಕುತೂಹಲದ ಪ್ರವಾಸಿ ಬೇರೆ, ಸರಕಾರದ ಕಣ್ಣು ಬೇರೆ ಎಂದು ಗದ್ದೆಯಲ್ಲಿ ನಿಂತವರಿಗೆ ಹೇಗೆ ಗೊತ್ತಾಗಬೇಕು? ಅಂದೂ ಗೊತ್ತಾಗಿರಲಿಕ್ಕಿಲ್ಲ.

ಇನ್ನೊಂದು ಮಾತು. ನಾವು ಈಗ ತೆಗೆಯುವ ಚಿತ್ರಗಳೆಲ್ಲ ಹಳೆಯ ಊರನ್ನು ಅಡ್ಡದಿಂದ ನೋಡಿದ ಚಿತ್ರಗಳು. ನಮ್ಮ ಕಡೆ ಹೊಳೆಗಳು ಘಟ್ಟದಿಂದ ಕಡಲಿಗೆ, ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತವೆ. ಸರಕೂ ಹಾಗೇ ಸಾಗುತ್ತಿತ್ತು. ಘಟ್ಟದ ಮೇಲಿನಿಂದ ಇಳಿದದ್ದು ದೋಣಿಯಲ್ಲಿ ಬಸ್ರೂರು, ಗಂಗೊಳ್ಳಿ ಸೇರಿ ಕಡಲಿಗೆ ಹೋಗುತ್ತಿತ್ತು. ಬಸ್ರೂರು ಎಷ್ಟು ದೊಡ್ಡ ಪೇಟೆಯಾಗಿತ್ತೆಂದರೆ 1665ರಲ್ಲಿ ಶಿವಾಜಿ ಹಡಗು ಕಟ್ಟಿಕೊಂಡು ಬಂದು ಅದನ್ನು ಸೂರೆ ಮಾಡಿದ. ಮನೆಗಳ ಮುಖ, ದೋಣಿ ಕಟ್ಟುವ ಜಾಗ, ಅಂಗಡಿ ಎಲ್ಲ ಹೊಳೆಯ ಕಡೆಗಿದ್ದವು. ಹೆದ್ದಾರಿ ಇದನ್ನೆಲ್ಲ ದಕ್ಷಿಣೋತ್ತರವಾಗಿ ಕತ್ತರಿಸಿಕೊಂಡು ಹೋಗಿದೆ.

ಸೇತುವೆಗಳು ಬರುವ ಮೊದಲು ಈ ದಾರಿಯಲ್ಲಿ ಹೊಳೆಗೊಂದು ಕಡವು. ಕುಂದಾಪುರದ ಸಂಗಮ್, ಆಮೇಲೆ ರಾಜಾಡಿ, ಅರಾಟೆ ಎಂದು ಈಗ ನಾವು ಗೇರು ಬದಲಿಸುವುದರೊಳಗೆ ದಾಟುವ ಒಂದೊಂದು ಸೇತುವೆಯ ಜಾಗದಲ್ಲೂ ಇಳಿಯಬೇಕು, ದೋಣಿಗೆ ಕಾಯಬೇಕು, ಇಳಿತ ಭರತ ನೋಡಬೇಕು. ಸಾಲದ್ದಕ್ಕೆ ಈ ದಾರಿಯಲ್ಲಿ ಪ್ರಾಂತ್ಯದ ಗಡಿಯೂ ಇತ್ತು. 1862ರಲ್ಲಿ ಉತ್ತರ ಕೆನರಾವನ್ನು ಬೊಂಬಾಯಿಗೆ ಸೇರಿಸಿದರು. ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ರವರೆಗೆ ಶಿರೂರು ಒಂದು ರಾಜ್ಯ, ಅದರ ಪಕ್ಕದ ಭಟ್ಕಳ ಇನ್ನೊಂದು ರಾಜ್ಯ. ನಮ್ಮ ಶನಿವಾರದ ಸವಾರಿ ಆಗ ಮದ್ರಾಸಿನಿಂದ ಬೊಂಬಾಯಿಗೆ ಹೋದಂತೆ!

ಹಾಗಾದರೆ ಹಳೆಯ ಫೋಟೊಗಳು ಇಲ್ಲವೇ? ಇವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಆಮೇಲಿನ ದಶಕಗಳಲ್ಲಿ ತೆಗೆದ, ತೆಗೆಸಿದ ಕರಾವಳಿಯ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಈಗ ಮೊಬೈಲಿನಲ್ಲೂ ನೋಡಬಹುದು. ಶಾಲೆ, ಇಗರ್ಜಿ, ಮಗ್ಗ, ಹಂಚಿನ ಕಾರ್ಖಾನೆ. 1865ರಲ್ಲಿ ಮಂಗಳೂರಿನಲ್ಲಿ ಅವರು ಶುರು ಮಾಡಿದ ಹಂಚಿನ ಕೆಲಸ ಕ್ರಮೇಣ ಕುಂದಾಪುರದ ಹೊಳೆಬದಿಗೂ ಬಂತು. ಆವೆಮಣ್ಣು ಗದ್ದೆಯಿಂದ, ಸಾಗಾಟ ಹೊಳೆಯಿಂದ. ಮುಳಿಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂದದ್ದು ಹೀಗೆ. ಈಗ ಹಂಚೂ ಹೋಗಿ ತಾರಸಿ, ಶೀಟು. ಆದರೆ ಮಿಶನ್‌ನವರು ತೆಗೆದದ್ದು ಅವರಿಗೆ ಬೇಕಾದ ಚಿತ್ರ. ಅದು ತಪ್ಪೇನಲ್ಲ, ನಾವು ಮಾಡಿದ್ದೂ ಅದನ್ನೇ.

ಒಂದು ರಾತ್ರಿ ಕೂತು ನಮ್ಮ ಫೋಟೊಗಳನ್ನೆಲ್ಲ ಊರಿನ ಹೆಸರಿನಂತೆ ಬೇರ್ಪಡಿಸಿದಾಗ ಇದು ಗೊತ್ತಾಯಿತು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ ಇರುವ ಮರವಂತೆಯ ಚಿತ್ರಗಳು ಲೆಕ್ಕವಿಲ್ಲದಷ್ಟು. ಮಕರ ಸಂಕ್ರಾಂತಿಗೆ ಮಾರಣಕಟ್ಟೆ ಜಾತ್ರೆಗೆ ಹೋಗುವ ಹೆಮ್ಮಾಡಿ ಸೇವಂತಿಗೆಯ ಗದ್ದೆಗಳೂ ಬೇಕಾದಷ್ಟು. ಆದರೆ ರಸ್ತೆ ಚತುಷ್ಪಥವಾಗುವ ಮೊದಲು ಬದಿಯಲ್ಲಿದ್ದ ಮರಗಳದ್ದು ಒಂದೇ ಒಂದು ಚಿತ್ರ ಇಲ್ಲ. ಆ ನೆರಳಲ್ಲೇ ಕಾರು ನಿಲ್ಲಿಸಿ ಬೇರೆ ಕಡೆ ತಿರುಗಿ ಫೋಟೊ ತೆಗೆದಿದ್ದೇವೆ. ಮಣ್ಣು ತುಂಬಿ ರಸ್ತೆ ಎತ್ತರಿಸಿದ ಮೇಲೆ ಮಳೆಗಾಲದಲ್ಲಿ ನೀರು ಹರಿದುಹೋಗದೆ ನಿಂತ ಬೈಲುಗದ್ದೆಗಳಿವೆಯಲ್ಲ, ಅವನ್ನು "ಆಕಾಶದ ಪ್ರತಿಬಿಂಬ" ಎಂದು ತೆಗೆದಿದ್ದೆವು. ಬೇಸಾಯಗಾರರಿಗೆ ಅದು ಕೊಳೆತ ನೇಜಿ. ಚಿತ್ರ ಚಂದ ಬಂದಿತ್ತು, ಅದೇ ನಾಚಿಕೆ.

ಅಂದಿನಿಂದ ಕ್ರಮ ಬದಲಿಸಿದೆವು. ತಲ್ಲೂರಿನಲ್ಲಿ ಒಂದು ಜಾಗ ಗೊತ್ತು ಮಾಡಿ ಅಲ್ಲೇ ನಿಂತು ಅದೇ ದಿಕ್ಕಿಗೆ ತೆಗೆಯುತ್ತೇವೆ. ತಾರೀಕು, ಗದ್ದೆಯಲ್ಲಿ ಏನಿದೆ, ನೀರು ಎಲ್ಲಿಗೆ ಹೋಗುತ್ತಿದೆ, ಇಷ್ಟು ಬರೆದಿಡುತ್ತೇವೆ. ಒಂದು ಮೂಲೆಗೆ ಕೆಂಪುಮಣ್ಣಿನ ಲೋಡು ಬಿದ್ದದ್ದು, ಮುಂದಿನ ಬಾರಿ ಅದರ ಮೇಲೆ ಕಂಬ ಎದ್ದದ್ದು, ಎಲ್ಲ ಸಾಲಾಗಿ ಕಾಣುತ್ತದೆ.

ಹೋದ ತಿಂಗಳು ಆ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹುಲ್ಲಿನ ಹೊರೆಯ ಅಮ್ಮನನ್ನು ಹುಡುಕಿಕೊಂಡು ಹೋದೆವು. ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಚಿತ್ರಗಳನ್ನು ಒಂದೊಂದೇ ಕಣ್ಣ ಹತ್ತಿರ ಹಿಡಿದು ನೋಡಿದರು. ನಾವು ಇಷ್ಟು ದಿನ ಬರೀ ಅಂಚು ಅಂದುಕೊಂಡಿದ್ದ ಒಂದು ಏರಿಯ ಮೇಲೆ ಬೆರಳಿಟ್ಟು, "ಇದ್ ಕಡವಿಗ್ ಹೋಪು ದಾರಿ. ನಾ ಮದಿ ಆಯಿ ಬಂದದ್ ಇದ್ರಗೇ" ಅಂದರು.

ಆ ಏರಿಯ ಮೇಲೆ ನಡೆದು ಹೊಳೆಯವರೆಗೆ ಹೋಗಿ ಬಂದೆವು. ತುದಿಯಲ್ಲಿ ಕಲ್ಲಿನ ಮೂರು ಮೆಟ್ಟಿಲು ಇನ್ನೂ ಇವೆ, ಭರತ ಬಂದಾಗ ಮುಳುಗುತ್ತವೆ.