ಕೇಪಿನ ಕೋವಿಯೋ, ತೋಟಾ ಕೋವಿಯೋ? ಬೆಳೆ ಕಾಯುವ ಬಂದೂಕಿನ ಕತೆ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ಬಂದೂಕು ಇರುವ ಮನೆಯಲ್ಲಿ ಅದರ ಲೈಸೆನ್ಸ್ ಪುಸ್ತಕವೂ ಇರುತ್ತದೆ. ಪಹಣಿ, ಪಾಸ್‌ಬುಕ್ ಜೊತೆ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಬೆಳೆ ಕಾಯುವ ಬಂದೂಕಾದರೆ ಆಯುಧದ ವಿವರ ಬರೆದ ಕಡೆ ಸಾಮಾನ್ಯವಾಗಿ ನಾಲ್ಕು ಇಂಗ್ಲಿಷ್ ಅಕ್ಷರ ಕಾಣುತ್ತವೆ. ಒಂದು ಮನೆಯಲ್ಲಿ ಎಸ್‌ಬಿಎಂಎಲ್, ಇನ್ನೊಂದು ಮನೆಯಲ್ಲಿ ಎಸ್‌ಬಿಬಿಎಲ್. ಬೇರೆಯಾಗಿರುವುದು ಮೂರನೆಯ ಅಕ್ಷರ ಒಂದೇ.

ಗೋಡೆಗೆ ಒರಗಿಸಿಟ್ಟರೆ ದೂರದಿಂದ ಈ ಎರಡು ಬಂದೂಕೂ ಒಂದೇ ತರಹ. ಒಂದು ಮರದ ಹಿಡಿ, ಒಂದು ಉದ್ದ ನಳಿಗೆ. ಆದರೆ ಆ ಒಂದು ಅಕ್ಷರ ಹೊಲದಲ್ಲಿ ರಾತ್ರಿ ಕಾಯುವ ರೈತನಿಗೆ ದೊಡ್ಡ ವ್ಯತ್ಯಾಸ. ಅದನ್ನು ಆರಿಸಿದವರು ಯಾರು, ಯಾಕೆ ಅಂತ ಕೇಳುತ್ತಾ ಹೋದರೆ ನಮ್ಮ ಸೀಮೆಯ ನೂರೈವತ್ತು ವರ್ಷದ ಚರಿತ್ರೆ ಬಿಚ್ಚಿಕೊಳ್ಳುತ್ತದೆ.

ಈಗ ಫೋನು ತೆರೆದರೆ ಹೊರದೇಶದವರು ಎರಡು ಪಿಸ್ತೂಲು ಪಕ್ಕಪಕ್ಕ ಇಟ್ಟುಕೊಂಡು ಯಾವುದು ಒಳ್ಳೆಯದು ಅಂತ ಚರ್ಚೆ ಮಾಡುವ ವಿಡಿಯೊಗಳು ಬರುತ್ತವೆ. ಎರಡರ ಮೈಯೂ ಗಟ್ಟಿ ಪ್ಲಾಸ್ಟಿಕ್ಕು. ಈ ತರಹದ ಪಿಸ್ತೂಲನ್ನು ಲೋಕಕ್ಕೆಲ್ಲ ಹಬ್ಬಿಸಿದವರು ಆಸ್ಟ್ರಿಯಾದ ಗ್ಲಾಕ್ ಕಂಪನಿಯವರು. ಅಲ್ಲಿನ ಸೈನ್ಯ ಅದನ್ನು 1982ರಲ್ಲಿ ಒಪ್ಪಿಕೊಂಡಿತು. ಅದಕ್ಕೆ ಹಾಕುವ 9 ಎಂಎಂ ಗುಂಡು ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ನಿಷೇಧಿತ. ಹಾಗಾಗಿ ಆ ಚರ್ಚೆ ನಮ್ಮೂರಿನದಲ್ಲ. ನಮ್ಮೂರಿನ ಚರ್ಚೆ ಕೇಪಿನ ಕೋವಿ ಮತ್ತು ತೋಟಾ ಕೋವಿಯದು.

ಎರಡರ ನಡುವಿನ ವ್ಯತ್ಯಾಸ

ಎಸ್‌ಬಿಎಂಎಲ್ ಅಂದರೆ ಒಂಟಿ ನಳಿಗೆಯ, ಬಾಯಿಯಿಂದ ತುಂಬುವ ಬಂದೂಕು. ನಾವು ಕೇಪಿನ ಕೋವಿ ಅನ್ನುವುದು ಇದಕ್ಕೇ. ನಳಿಗೆಯ ಬಾಯಿಗೆ ಮದ್ದು ಸುರಿಯಬೇಕು, ಸರಳಿನಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ಜಡಿಯಬೇಕು, ಕೊನೆಗೆ ಕುದುರೆಯ ಕೆಳಗೆ ಕೇಪು ಕೂರಿಸಬೇಕು. ಪಳಗಿದ ಕೈಗೂ ಅರ್ಧ ನಿಮಿಷ ಹಿಡಿಯುತ್ತದೆ. ಕತ್ತಲಲ್ಲಿ, ಮಳೆಯಲ್ಲಿ, ಕೈ ನಡುಗುವಾಗ ಇನ್ನೂ ಹೆಚ್ಚು.

ಎಸ್‌ಬಿಬಿಎಲ್ ಅಂದರೆ ಹಿಂಬದಿಯಿಂದ ತುಂಬುವ ಒಂಟಿ ನಳಿಗೆ, ಅದೇ ತೋಟಾ ಕೋವಿ. ಮಧ್ಯಕ್ಕೆ ಮಡಿಸಿ, ತೋಟಾ ತೂರಿಸಿ, ಮುಚ್ಚಿದರೆ ಮುಗಿಯಿತು. ಜೋಡಿ ನಳಿಗೆ ಇದ್ದರೆ ಪುಸ್ತಕದಲ್ಲಿ ಡಿಬಿಬಿಎಲ್ ಅಂತ ಬರೆದಿರುತ್ತದೆ.

ಕೇಪಿನ ಹಿಂದೆ ಒಂದು ಸ್ವಾರಸ್ಯದ ಕತೆ ಇದೆ. ಹಳೆಯ ಬಂದೂಕಿನಲ್ಲಿ ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಕೊಳ್ಳುತ್ತಿತ್ತು. ಕಿಡಿ ಕಂಡ ಕೂಡಲೇ, ಗುಂಡು ಹೊರಡುವ ಮೊದಲೇ ಹಕ್ಕಿ ಹಾರಿ ಹೋಗುತ್ತಿದ್ದವು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗೆ ಬೇಟೆಯ ಹುಚ್ಚು. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯ ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅದೇ ತಾಮ್ರದ ಪುಟ್ಟ ಟೋಪಿಯಾಯಿತು, ಅದೇ ನಮ್ಮ ಕೇಪು. ಹಿಂಬದಿಯಿಂದ ತೋಟಾ ಹಾಕುವ ಬಂದೂಕು 1830ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. ಅಂದರೆ ಕೇಪಿನ ಕೋವಿ ಹಳತಾಗಿ ಒಂದೂವರೆ ಶತಮಾನದ ಮೇಲಾಯಿತು. ಯೂರೋಪಿನಲ್ಲಿ ಮ್ಯೂಸಿಯಂ ಸೇರಿದ ಆ ಬಂದೂಕು ನಮ್ಮ ಹೊಲದ ಅಟ್ಟಣೆಯ ಮೇಲೆ ಉಳಿದುಕೊಂಡಿತು. ಅದು ಉಳಿದದ್ದು ಕಾನೂನಿನಿಂದ.

ಕೊಪ್ಪದ ಸೇತುವೆಯ ಆ ಕಡೆ, ಈ ಕಡೆ

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು. ಈ ಕಡೆ ಬಂದೂಕಿಗೆ ಎಲ್ಲರೂ ಲೈಸೆನ್ಸ್ ಮಾಡಿಸಬೇಕು. ಆ ಕಡೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. ಒಂದೇ ಹೊಳೆ, ಒಂದೇ ಆನೆ, ಕಾನೂನು ಮಾತ್ರ ಎರಡು. ಇದು ಹೇಗಾಯಿತು?

1831ರಿಂದ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1834ರಲ್ಲಿ ಕೊಡಗನ್ನೂ ಕಂಪನಿ ತನ್ನ ವಶಕ್ಕೆ ತೆಗೆದುಕೊಂಡಿತು. ಎರಡನ್ನೂ ಬೆಂಗಳೂರಿನಲ್ಲಿ ಕೂತು ಆಳುತ್ತಿದ್ದವರು ಮಾರ್ಕ್ ಕಬ್ಬನ್, ಕಬ್ಬನ್ ಪಾರ್ಕಿನ ಕಬ್ಬನ್. 1857ರ ದಂಗೆಯ ನಂತರ ಬ್ರಿಟಿಷರಿಗೆ ಜನರ ಕೈಯಲ್ಲಿದ್ದ ಆಯುಧ ಕಂಡರೆ ಭಯ. ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. ದಂಗೆಯ ಕಾಲದಲ್ಲಿ ತಮಗೆ ನಿಷ್ಠರಾಗಿದ್ದರು ಎಂಬ ಕಾರಣ ಕೊಟ್ಟು ಕಬ್ಬನ್ 1861ರಲ್ಲಿ ಕೊಡವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟರು. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಅವರು ಹೋದರೂ ಆದೇಶ ಉಳಿಯಿತು.

1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಆಯುಧ ಕಾಯ್ದೆ ಬಂತು. ಬ್ರಿಟಿಷ್ ಇಂಡಿಯಾದಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧವಾಯಿತು. ಯೂರೋಪಿಯನ್ನರಿಗೆ ಮಾತ್ರ ಸಡಿಲ. ಈ ಭೇದವನ್ನು ರಾಷ್ಟ್ರೀಯ ಚಳವಳಿಯವರು ಮುಂದೆ ದಶಕಗಳ ಕಾಲ ವಿರೋಧಿಸಿದರು. ಕೊಡಗಿನ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಕೇಂದ್ರ ಗೃಹ ಇಲಾಖೆ 2019ರ ಅಕ್ಟೋಬರಿನಲ್ಲಿ ಅದನ್ನು 2029ರ ತನಕ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿಗೆ ಹೋಗಿ, 2021ರಲ್ಲಿ ಕೋರ್ಟು ವಿನಾಯಿತಿಯನ್ನೇ ಎತ್ತಿಹಿಡಿಯಿತು.

ಕೊಡಗಿನವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅಲ್ಲಿ ಕೋವಿ ಅಂದರೆ ಪೂಜೆ. ಕೈಲ್‌ಪೊಳ್ದ್ ದಿನ ಹೂವಿಟ್ಟು ಕೈಮುಗಿಯುತ್ತಾರೆ. ಆದರೆ ನಿಷ್ಠೆಯ ಇನಾಮಾಗಿ ಹುಟ್ಟಿದ ರಿಯಾಯಿತಿ ಅಲ್ಲಿ, ಭಯದಿಂದ ಹುಟ್ಟಿದ ಕಾನೂನು ಇಲ್ಲಿ ಎಂಬುದು ಗೊತ್ತಿದ್ದರೆ ಒಳ್ಳೆಯದು.

ಆರಿಸಿದ್ದು ಕಾನೂನು

ಸ್ವತಂತ್ರ ಭಾರತದ ಸಂಸತ್ತು 1959ರಲ್ಲಿ ಹೊಸ ಆಯುಧ ಕಾಯ್ದೆ ಮಾಡಿತು. 1962ರಲ್ಲಿ ಅದು ಜಾರಿಗೆ ಬಂತು. ಅದರ 13ನೇ ಸೆಕ್ಷನ್ ಓದಿದರೆ ನಮ್ಮ ಒಂದಕ್ಷರದ ಒಗಟು ಬಿಡಿಸಿಕೊಳ್ಳುತ್ತದೆ. ಆತ್ಮರಕ್ಷಣೆಗೋ ಕ್ರೀಡೆಗೋ ಆದರೆ ನುಣುಪು ನಳಿಗೆಯ ಬಂದೂಕು, ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು. ನಿಜವಾಗಿ ಬೆಳೆ ರಕ್ಷಣೆಗೆ ಆದರೆ ಬಾಯಿಯಿಂದ ತುಂಬುವ ಬಂದೂಕು. ಅಂದರೆ ಮನೆ ಕಾಯಲು ತೋಟಾ, ಹೊಲ ಕಾಯಲು ಕೇಪು. ರೈತ ಅಂಗಡಿಗೆ ಹೋಗಿ ಆರಿಸುವ ಮೊದಲೇ ಕಾನೂನು ಆರಿಸಿ ಇಟ್ಟಿತ್ತು.

ಯಾಕೆ? ನಮಗೆ ಕಾಣುವ ಕಾರಣ ಸರಳ. ಪ್ರಾಣಿಯನ್ನು ಓಡಿಸಲು ಒಂದು ಢಂ ಸಾಕು, ಮನುಷ್ಯರ ಜಗಳಕ್ಕೆ ನಿಧಾನದ ಬಂದೂಕು ಅಷ್ಟಾಗಿ ಒದಗದು. ಈ ಲೆಕ್ಕದಲ್ಲಿ ಬುದ್ಧಿಯೂ ಇದೆ, ರೈತನ ಮೇಲೆ ಅನುಮಾನವೂ ಇದೆ.

ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ. ಬೆಳೆ ಕಾಯಲು ಬಾಯಿಯಿಂದ ತುಂಬುವ ಬಂದೂಕು ಸಾಲದು ಅಂತ ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಬಂದೂಕಿಗೂ ಲೈಸೆನ್ಸ್ ಕೊಡಬಹುದು. ಎಂ ಅಕ್ಷರ ಬಿ ಆಗುವ ದಾರಿಗಳಲ್ಲಿ ಇದೊಂದು. ನಮ್ಮ ಕಡೆ ಮುಸುಕಿನ ಜೋಳ, ಭತ್ತ, ರಾಗಿ ಹೊಲದಲ್ಲಿರುವುದು ಮಳೆಗಾಲಕ್ಕೇ. ಮದ್ದು ನೆನೆದರೆ ಕೇಪು ಸಿಡಿದರೂ ಕೋವಿ ಹಾರುವುದಿಲ್ಲ. ‘ಸಾಲದು’ ಎನ್ನಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಕಾಕನಕೋಟೆಯ ಸದ್ದು

ಸದ್ದಿನಿಂದ ಆನೆ ಓಡಿಸುವುದು ಎಚ್.ಡಿ. ಕೋಟೆಗೆ ಹೊಸದಲ್ಲ. ಮಹಾರಾಜರ ಕಾಲದಲ್ಲಿ ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧ. ತಮಟೆ, ದೊಂದಿ, ಕೂಗು, ಬಂದೂಕಿನ ಸದ್ದು ಇವುಗಳಿಂದ ಆನೆ ಹಿಂಡನ್ನು ಹೊಳೆ ಕಡೆಗೆ ಅಟ್ಟಿ ಹಿಡಿಯುತ್ತಿದ್ದರು. ಕಾಡು ತಿಳಿದ ಕುರುಬ ಜನರ ಶ್ರಮ ಅದರ ಬೆನ್ನೆಲುಬು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಮರುವರ್ಷ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬಂದೂಕಿನ ಕತೆ ಅಲ್ಲಿಂದ ತಿರುವು ಪಡೆಯಿತು. ಆ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಬಂದೂಕು ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಇದು ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿತ್ತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಊರುಗಳೆಲ್ಲ ಈ ಗೆರೆಯೊಳಗೆ ಬಂದವು. ಕಾವೇರಿ ನಾಲೆಯ ಗದ್ದೆಬಯಲಿನ ಕೆ.ಆರ್. ನಗರದ ಬಹುಪಾಲು ಹೊರಗುಳಿಯಿತು. ಆನೆಕಾಟ ಹೆಚ್ಚಿರುವ ಕಡೆ ಬಂದೂಕು ಸಿಗುವುದು ಕಷ್ಟ, ಕಡಿಮೆ ಇರುವ ಕಡೆ ಅಷ್ಟು ಕಷ್ಟವಿಲ್ಲ. ಕೇಳಲು ತಮಾಷೆ, ಅನುಭವಿಸುವವರಿಗೆ ಅಲ್ಲ.

ಬಂದೂಕು ಸಿಕ್ಕರೂ ಅದರಿಂದ ಪ್ರಾಣಿ ಕೊಲ್ಲುವ ಹಾಗಿಲ್ಲ. ಬೆಳೆಗೆ ಅಪಾಯವಾದ ಪ್ರಾಣಿಯ ವಿಚಾರದಲ್ಲೂ ತೀರ್ಮಾನ ಅಧಿಕಾರಿಯ ಲಿಖಿತ ಆದೇಶದಲ್ಲಿರಬೇಕು. 2022ರ ತಿದ್ದುಪಡಿಯ ನಂತರ ಕಾಡುಹಂದಿಯೂ ಎರಡನೇ ಪಟ್ಟಿಯಲ್ಲಿದೆ. ಹಾಗಾಗಿ ರೈತನ ಕೈಯಲ್ಲಿ ಕೇಪಿನದಿರಲಿ, ತೋಟಾದ್ದಿರಲಿ, ಅದು ಬೆದರಿಸುವ ಸಾಮಾನು ಅಷ್ಟೇ. ಆನೆಯೂ ಸದ್ದಿಗೆ ಒಗ್ಗಿಹೋಗುತ್ತದೆ. ಹೊಲಕ್ಕೆ ದಿನವೂ ಬರುವ ಸಲಗ ಪಟಾಕಿಗೇ ಹೆದರದಿದ್ದರೆ ಕೋವಿಗೆ ಹೆದರೀತೇ? ಇವತ್ತು ಕಾಡಂಚಿನಲ್ಲಿ ಜನ ಕೇಳುತ್ತಿರುವುದು ರೈಲು ಕಂಬಿಯ ಬೇಲಿ, ಸರಿಯಾದ ಕಂದಕ, ತಡಮಾಡದ ಪರಿಹಾರ. ಬಂದೂಕು ಅದಕ್ಕೆ ಬದಲಿ ಅಲ್ಲ.

ಅಜ್ಜನ ಕೋವಿ ಈಗ ಯಾರದು?

ನಮಗೆ ಮುಖ್ಯ ಅನಿಸಿದ ಮಾತು ಇದು. ಯಾವ ಬಂದೂಕು ಎಂಬುದಕ್ಕಿಂತ ಯಾರ ಹೆಸರಿನ ಬಂದೂಕು ಎಂಬುದು ಇವತ್ತು ಹೆಚ್ಚು ಮುಖ್ಯ.

ಬೆಳೆ ರಕ್ಷಣೆಗೆ ಅಂತ ಅಜ್ಜಂದಿರು ಪಡೆದ ಕೇಪಿನ ಕೋವಿಗಳು ಎಷ್ಟೋ ಮನೆಯಲ್ಲಿ ಅಟ್ಟದ ಮೇಲಿವೆ. ಲೈಸೆನ್ಸ್ ಜಮೀನಿನ ಖಾತೆಯಂತಲ್ಲ. ಲೈಸೆನ್ಸ್‌ದಾರ ತೀರಿಕೊಂಡರೆ ಅದು ತಾನಾಗಿ ಮಗನಿಗೆ ಬರುವುದಿಲ್ಲ. ತಡಮಾಡದೆ ಬಂದೂಕನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಹಾಗೇ ಇಟ್ಟುಕೊಂಡರೆ ಅದು ಲೈಸೆನ್ಸ್ ಇಲ್ಲದ ಆಯುಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 2 ವರ್ಷ ಜೈಲು. ತುಕ್ಕು ಹಿಡಿದ ಕೇಪಿನ ಕೋವಿ ಅಂತ ಉದಾಸೀನ ಬೇಡ.

ಅದೇ ತಿದ್ದುಪಡಿ ಲೈಸೆನ್ಸ್ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕನ್ನು 3ರಿಂದ 2ಕ್ಕೆ ಇಳಿಸಿತು. ಅವಧಿ ಉದ್ದವಾದಷ್ಟೂ ನವೀಕರಣದ ದಿನಾಂಕ ಮರೆಯುವುದು ಸುಲಭ. ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವಂತೆ ಆದೇಶ ಬರುತ್ತದೆ. ಕೊಟ್ಟಾಗ ರಸೀದಿ ಪಡೆಯಿರಿ, ಮುಗಿದ ಮೇಲೆ ನೆನಪಿಟ್ಟು ಬಿಡಿಸಿಕೊಳ್ಳಿ.

ಅರ್ಜಿ ತಿರಸ್ಕಾರವಾದರೆ ಸುಮ್ಮನೆ ವಾಪಸ್ಸು ಬರಬೇಡಿ. ಕಾರಣವನ್ನು ಅಧಿಕಾರಿ ಬರಹದಲ್ಲಿ ದಾಖಲಿಸಬೇಕು, ಕೇಳಿದರೆ ಕೊಡಬೇಕು ಅಂತ 14ನೇ ಸೆಕ್ಷನ್ ಹೇಳುತ್ತದೆ. ಸಾರ್ವಜನಿಕ ಹಿತಕ್ಕೆ ಧಕ್ಕೆ ಅಂತ ಅನಿಸಿದಾಗ ಮಾತ್ರ ಕೊಡದಿರಬಹುದು. ಮೇಲ್ಮನವಿಗೆ 18ನೇ ಸೆಕ್ಷನ್ ಇದೆ. ಕೇಪಿನದು ಯಾಕೆ ಸಾಲದು ಎಂಬುದನ್ನು ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ. ಬೆಳೆ ಯಾವುದು, ಕಾಡು ಎಷ್ಟು ದೂರ, ಎಷ್ಟು ಸಲ ನಷ್ಟವಾಯಿತು, ಪರಿಹಾರದ ಅರ್ಜಿ ನಂಬರೇನು ಎಲ್ಲವನ್ನೂ ಕಾಗದದ ಮೇಲೆ ಇಡಿ.

ಇಷ್ಟು ಓದಿದ ಮೇಲೂ ಯಾವುದು ಒಳ್ಳೆಯದು ಅಂತ ಕೇಳಿದರೆ ನಮ್ಮ ಉತ್ತರ ಇಷ್ಟೇ. ಮಳೆಗೆ ತೋಟಾ ಕೋವಿ ಮೇಲು, ಸದ್ದಿಗೆ ಎರಡೂ ಸಮ, ಆನೆಗೆ ಎರಡೂ ಸಾಲದು. ಮನೆಯಲ್ಲಿ ಬಂದೂಕು ಇದ್ದರೆ ಪುಸ್ತಕ ತೆಗೆದು ಹೆಸರು ಯಾರದು, ದಿನಾಂಕ ಯಾವುದು ಅಂತ ಇವತ್ತೇ ನೋಡಿಬಿಡಿ.