ಲಿವರ್‌ನಲ್ಲಿ ಗಡ್ಡೆ: ಆಪರೇಷನ್‌ಗೆ ಮುಂಚೆ ಯಾವ ಸ್ಕ್ಯಾನ್?

ಔರಾದ್, ಭಾಲ್ಕಿ ಕಡೆ ಲಿವರ್‌ನಲ್ಲಿ ಗಡ್ಡೆ ಇದೆ ಅಂತ ಮೊದಲು ಗೊತ್ತಾಗುವುದು ಸಾಮಾನ್ಯವಾಗಿ ಸೋನೋಗ್ರಫಿಯಲ್ಲಿ. ಅಗ್ಗ, ವಿಕಿರಣವೂ ಇಲ್ಲ. ಆದರೆ ಸಣ್ಣ ಗಡ್ಡೆಗಳು ತಪ್ಪಿಹೋಗಬಹುದು. ಇದೊಂದನ್ನೇ ನಂಬಿ ಸರ್ಜನ್ ಆಪರೇಷನ್‌ಗೆ ಇಳಿಯುವುದಿಲ್ಲ.

ಮುಂದಿನದು ಸಿಟಿ. ದುಡ್ಡು ಪೋಲಾಗುವುದು ಇಲ್ಲೇ. ಲಿವರ್‌ಗೆ ಸುಮಾರು ಮುಕ್ಕಾಲು ಪಾಲು ರಕ್ತ ಬರುವುದು ಪೋರ್ಟಲ್ ರಕ್ತನಾಳದಿಂದ, ಉಳಿದದ್ದು ಅಪಧಮನಿಯಿಂದ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಕಾಂಟ್ರಾಸ್ಟ್ ಕೊಟ್ಟ ಮೇಲೆ ಮೊದಲ ಹಂತದ ಚಿತ್ರದಲ್ಲಿ ಅಂಥ ಗಡ್ಡೆ ಹೊಳೆಯುತ್ತದೆ, ಆಮೇಲಿನ ಹಂತಗಳಲ್ಲಿ ಸುತ್ತಲಿನ ಲಿವರ್‌ಗಿಂತ ಮಂಕಾಗುತ್ತದೆ. ಚೀಟಿಯಲ್ಲಿ ಬರೀ ‘ಹೊಟ್ಟೆಯ ಸಿಟಿ’ ಅಂತಿದ್ದು ಒಂದೇ ಹಂತ ತೆಗೆದಿದ್ದರೆ, ಹೈದರಾಬಾದ್‌ಗೆ ಹೋದಾಗ ಮತ್ತೆ ಮಾಡಿಸಬೇಕಾಗಬಹುದು. ‘ಟ್ರಿಪಲ್ ಫೇಸ್’ ಬೇಕಾ ಅಂತ ಡಾಕ್ಟರನ್ನು ಮೊದಲೇ ಕೇಳಿ. ಕಿಡ್ನಿಗಾಗಿ ಕ್ರಿಯೇಟಿನಿನ್ ಪರೀಕ್ಷೆಯೂ ಮೊದಲೇ ಆಗಲಿ.

ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದ್ದರೆ ಎಂಆರ್‌ಐ ಮೇಲು, ಅದರಲ್ಲೂ 1 ಸೆಂಟಿಮೀಟರ್‌ಗಿಂತ ಚಿಕ್ಕ ಗಡ್ಡೆಗಳಿಗೆ. ಗ್ಯಾಡಾಕ್ಸೆಟಿಕ್ ಆಸಿಡ್ ಎಂಬ ಕಾಂಟ್ರಾಸ್ಟನ್ನು ಆರೋಗ್ಯವಾಗಿರುವ ಲಿವರ್ ಕೋಶಗಳು ಹೀರಿಕೊಳ್ಳುತ್ತವೆ. ಸುಮಾರು 20 ನಿಮಿಷಕ್ಕೆ ಲಿವರ್ ಬೆಳ್ಳಗೆ, ಗಡ್ಡೆ ಕಪ್ಪಗೆ ಕಾಣುತ್ತದೆ. ಒಂದು ಗಡ್ಡೆ ತಪ್ಪಿದರೂ ಎಷ್ಟು ಕತ್ತರಿಸಬೇಕು, ಕತ್ತರಿಸಬೇಕೋ ಬೇಡವೋ ಅನ್ನೋ ಲೆಕ್ಕವೇ ಬದಲಾಗುತ್ತದೆ. ಪೆಟ್ ಸ್ಕ್ಯಾನ್ ಮುಖ್ಯವಾಗಿ ಲಿವರ್‌ನ ಹೊರಗೆ ಹರಡಿದೆಯೇ ಎಂದು ನೋಡಲು.

371(ಜೆ) ನಮ್ಮ ಭಾಗಕ್ಕೆ ಸೀಟು, ನೌಕರಿಯಲ್ಲಿ ಮೀಸಲಾತಿ ತಂದಿತು. ಬೀದರ್‌ನಲ್ಲಿ ಬ್ರಿಮ್ಸ್ ಇದೆ. ಇನ್ನು ಮುಂದೆ ಯಾವುದೇ ಸರ್ಕಾರಿ ದವಾಖಾನೆಯಲ್ಲಿ ಶಾಸಕರು ಹೊಸ ಮಷಿನ್‌ಗೆ ರಿಬ್ಬನ್ ಕತ್ತರಿಸಿದರೆ ಕೇಳಿ: ರೇಡಿಯಾಲಜಿಸ್ಟ್ ಹುದ್ದೆ ತುಂಬಿದ್ದೀರಾ? ಕಾಂಟ್ರಾಸ್ಟ್ ಸ್ಟಾಕ್ ಇದೆಯಾ? ಫಿಲಂ ಜೊತೆ ಪೂರ್ತಿ ಚಿತ್ರಗಳ ಸಿಡಿ ಕೊಡ್ತೀರಾ?