ಗಡಿ ಬದಲಾದಾಗ ಕಡತ ಯಾರ ವಶ? ನ್ಯಾಮತಿ ತಾಲ್ಲೂಕು ರಚನೆ ಮತ್ತು ದಾಖಲೆಗಳ ಹಂಚಿಕೆ

ಹೊಸ ತಾಲ್ಲೂಕುಗಳ ಕುರಿತ ಚರ್ಚೆ ವಾಸುದೇವರಾವ್ ಸಮಿತಿಯ ಕಾಲದಿಂದ ಎಂ.ಬಿ. ಪ್ರಕಾಶ್ ಸಮಿತಿಯವರೆಗೆ ಬಹುಮಟ್ಟಿಗೆ ದೂರ, ಜನಸಂಖ್ಯೆ, ವಿಸ್ತೀರ್ಣಗಳ ಸುತ್ತಲೇ ನಡೆದಿದೆ. ಕಚೇರಿ ಹತ್ತಿರ ಬಂದರೆ ಸೇವೆಯೂ ಹತ್ತಿರವಾಗುತ್ತದೆ ಎಂಬುದು ಅದರ ಹಿಂದಿನ ಗ್ರಹಿಕೆ. ಈ ಅಳತೆಗೋಲುಗಳು ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ದಾವಣಗೆರೆ ಜಿಲ್ಲೆಯಲ್ಲಾದ ಎರಡು ಪುನರ್ವಿಂಗಡಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಗ್ರಹಿಕೆ ಅರ್ಧ ಮಾತ್ರ ನಿಜವೆನಿಸುತ್ತದೆ. 1997ರಲ್ಲಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಇಡಿಯಾಗಿ ಹೊಸ ಜಿಲ್ಲೆಗೆ ಬಂದವು. 2017-18ರ ಆಯವ್ಯಯದಲ್ಲಿ ಘೋಷಣೆಯಾದ ನ್ಯಾಮತಿ ಹಾಗಲ್ಲ. ಹೊನ್ನಾಳಿ ತಾಲ್ಲೂಕೇ ಒಡೆದು ಅದು ಹುಟ್ಟಿತು.

ತಾಲ್ಲೂಕನ್ನು ಜಿಲ್ಲೆಯಿಂದ ಜಿಲ್ಲೆಗೆ ಸೇರಿಸುವುದಕ್ಕಿಂತ ತಾಲ್ಲೂಕನ್ನೇ ಒಡೆಯುವುದು ನಾಗರಿಕನಿಗೆ ಹೆಚ್ಚು ತೊಡಕಿನದು ಎಂಬುದು ಈ ಲೇಖನದ ವಾದ. 1997ರಲ್ಲಿ ಚನ್ನಗಿರಿಯ ರೈತನಿಗೆ ಮೇಲ್ಮನವಿಯ ಊರು ಬದಲಾಯಿತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ಇದ್ದಲ್ಲೇ ಇತ್ತು. ನ್ಯಾಮತಿಯಂಥ ಸಂದರ್ಭದಲ್ಲಿ ಹಂಚಿಕೆಯಾಗಬೇಕಾದದ್ದು ಆ ರೆಕಾರ್ಡ್ ರೂಮೇ. ಕೈಬರಹದ ಪಹಣಿ, ಟಿಪ್ಪಣಿ, ಆಕಾರ್‌ಬಂದ್ ಗ್ರಾಮವಾರು ಇರುವುದರಿಂದ ನ್ಯಾಮತಿಗೆ ಸೇರಿದ ಬೆಳಗುತ್ತಿ ಗ್ರಾಮದ ಕಟ್ಟನ್ನು ಬೇರ್ಪಡಿಸಿ ಕಳಿಸಬಹುದು. ಜಮೀನು ಮಂಜೂರಾತಿಯ ಸಾಗುವಳಿ ಚೀಟಿ ವಹಿಯ ಕಥೆ ಬೇರೆ. ಅದು ಇಡೀ ತಾಲ್ಲೂಕಿಗೆ ಒಂದೇ ಕ್ರಮಸಂಖ್ಯೆಯಲ್ಲಿ ಸಾಗಿದ್ದರೆ ಒಂದೇ ಪುಟದಲ್ಲಿ ಎರಡೂ ಕಡೆಯ ಗ್ರಾಮಗಳ ನಮೂದುಗಳಿರುತ್ತವೆ. ಪುಟವನ್ನು ಹರಿದು ಹಂಚಲಾಗದು. ಭೂ ನ್ಯಾಯ ಮಂಡಳಿಗಳೂ ತಾಲ್ಲೂಕುವಾರು ಕೆಲಸ ಮಾಡಿದ್ದರಿಂದ ಗೇಣಿದಾರರು ಹಕ್ಕು ಕೋರಿ ಸಲ್ಲಿಸಿದ ನಮೂನೆ 7ರ ಪ್ರಕರಣಗಳ ವಹಿಗಳಿಗೂ ಈ ಮಾತು ಅನ್ವಯಿಸೀತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಜಮೀನು ಮರಳಿ ಕೇಳುವ ಪರಿಶಿಷ್ಟ ಕುಟುಂಬಕ್ಕೆ ಮೂಲ ಮಂಜೂರಾತಿ ಕಡತವೇ ಆಧಾರ. ಅದು ಎರಡು ಕಚೇರಿಗಳ ನಡುವೆ ಸಿಕ್ಕಿಕೊಂಡರೆ ಹಕ್ಕೇ ಸಿಕ್ಕಿಕೊಂಡಂತೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಪಹಣಿ ‘ಭೂಮಿ’ ತಂತ್ರಾಂಶದಲ್ಲಿದೆ, ಹಳೆಯ ದಾಖಲೆಗಳನ್ನು ‘ಭೂ ಸುರಕ್ಷಾ’ ಯೋಜನೆ ಸ್ಕ್ಯಾನ್ ಮಾಡುತ್ತಿದೆ, ಇನ್ನು ಕಾಗದ ಎಲ್ಲಿದ್ದರೇನು? ಹುಡುಕಾಟದ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದು. ದೃಢೀಕರಣದ ಮಟ್ಟಿಗೆ ಅಲ್ಲ ಎಂದು ನನಗೆ ತೋರುತ್ತದೆ. 1872ರ ಸಾಕ್ಷ್ಯ ಕಾಯ್ದೆಯ 76ನೇ ಕಲಮು ದೃಢೀಕೃತ ನಕಲು ಕೊಡುವ ಹೊಣೆಯನ್ನು ದಾಖಲೆ ಯಾರ ವಶದಲ್ಲಿದೆಯೋ ಆ ಅಧಿಕಾರಿಗೆ ವಹಿಸಿತ್ತು. 2023ರ ಹೊಸ ಕಾನೂನೂ ಅದೇ ತತ್ವವನ್ನು ಉಳಿಸಿಕೊಂಡಿದೆ. ಭೂಕಂದಾಯ ಕಾಯ್ದೆಯಡಿಯ ಅಧಿಸೂಚನೆ ಗಡಿಯನ್ನು ಬದಲಿಸುತ್ತದೆ. ವಶ ಬದಲಾಗಲು ಪಟ್ಟಿ ಮಾಡಿ, ಸಹಿ ಹಾಕಿ ಕಡತ ಒಪ್ಪಿಸಬೇಕು. ನೋಂದಣಿಯಲ್ಲಂತೂ ಗಡಿಯೇ ಪ್ರತ್ಯೇಕ: 1908ರ ಕಾಯ್ದೆಯ ಉಪಜಿಲ್ಲೆಗೆ ಬೇರೆಯೇ ಅಧಿಸೂಚನೆ ಬೇಕು, ಸ್ಥಿರಾಸ್ತಿ ದಸ್ತಾವೇಜುಗಳು ದಾಖಲಾಗುವ ಅದರ ಒಂದನೇ ಪುಸ್ತಕ ಗ್ರಾಮವಾರು ಅಲ್ಲ, ಅನುಕ್ರಮವಾಗಿ ಬೆಳೆಯುತ್ತದೆ.

ಈ ವಾದವನ್ನು ಅತಿಯಾಗಿ ಎಳೆಯಬಾರದು. 1997ರ ಬದಲಾವಣೆಯೂ ಸಲೀಸಾಗಿತ್ತೆಂದು ನಾನು ಹೇಳುತ್ತಿಲ್ಲ. ಜಿಲ್ಲಾಧಿಕಾರಿ ನ್ಯಾಯಾಲಯದ ಹಳೆಯ ಕಡತಗಳ ವಿಷಯದಲ್ಲಿ ಜಗಳೂರಿಗೂ ಇದೇ ಪ್ರಶ್ನೆ ಸಣ್ಣ ಪ್ರಮಾಣದಲ್ಲಿ ಎದುರಾಗುತ್ತದೆ. ತೊಡಕು ಗ್ರಾಮದಿಂದ ಗ್ರಾಮಕ್ಕೆ, ವಹಿಯಿಂದ ವಹಿಗೆ ಬದಲಾದೀತು. ಒಡೆಯಲಾಗದ ವಹಿಗಳನ್ನು ಮೂಲ ತಾಲ್ಲೂಕಿನಲ್ಲೇ ಉಳಿಸಿ ಎರಡೂ ತಹಶೀಲ್ದಾರರಿಗೆ ದೃಢೀಕರಣದ ಅಧಿಕಾರ ಕೊಡಲು ಸರ್ಕಾರದ ಆದೇಶ ಸಾಕೇ, ಕಾಯ್ದೆಯ ತಿದ್ದುಪಡಿಯೇ ಬೇಕೇ ಎಂಬುದು ಇನ್ನೂ ಇತ್ಯರ್ಥವಾಗಬೇಕಿದೆ.